ಬಸ್ ಸ್ಟ್ಯಾಂಡಿನ ಬ್ಯಾನರು

ಪ್ರತಿ ವರ್ಷ ನೀಟ್ ಫಲಿತಾಂಶ ಬಂದ ಮಾರನೆಯ ದಿನ ನಮ್ಮೂರ ಬಸ್ ಸ್ಟ್ಯಾಂಡಿನಲ್ಲಿ ದೊಡ್ಡದೊಂದು ಬ್ಯಾನರು ಏಳುತ್ತದೆ. ಸಾಲು ಸಾಲು ಮುಖಗಳು, ಒಂದೊಂದರ ಕೆಳಗೂ ರ‍್ಯಾಂಕು, ತಲೆಯ ಮೇಲೆ ‘ಪ್ರತಿಭೆಗೆ ನಮನ’ ಎಂಬ ದಪ್ಪಕ್ಷರ. ಮಲೆನಾಡಿನ ಸರ್ಕಾರಿ ಹೈಸ್ಕೂಲಿನಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಇಪ್ಪತ್ತೆಂಟು ವರ್ಷ ಸಮಾಜ ಪಾಠ ಹೇಳಿದವಳು ನಾನು. ಬರಹ ಕಂಡಲ್ಲಿ ನಿಂತು ಓದುವುದು, ತಪ್ಪಿದ್ದರೆ ಮನಸ್ಸಿನಲ್ಲೇ ಕೆಂಪು ಗೆರೆ ಎಳೆಯುವುದು ನನ್ನ ಚಾಳಿ. ಆ ಬ್ಯಾನರಿನಲ್ಲಿ ಕಾಗುಣಿತದ ತಪ್ಪಿಲ್ಲ. ಆದರೂ ‘ಪ್ರತಿಭೆ’ ಎಂಬ ಪದದ ಕೆಳಗೆ ನನ್ನ ಕೆಂಪು ಗೆರೆ ಬಿದ್ದೇ ಬೀಳುತ್ತದೆ.

2019ರ ಬ್ಯಾನರಿನಲ್ಲಿ ನನ್ನ ಮಗನ ಮುಖವೂ ಇತ್ತು. ಆದ್ದರಿಂದ ಇದು ಹೊಟ್ಟೆಕಿಚ್ಚಿನ ಮಾತಲ್ಲ.

ಅವನೂ ಇನ್ನೊಬ್ಬ ಹುಡುಗಿಯೂ ನಮ್ಮ ಶಾಲೆಯಲ್ಲೇ ಒಂದೇ ತರಗತಿಯಲ್ಲಿ ಓದಿದವರು. ಅವಳ ಅಪ್ಪನದು ಅಡಿಕೆ ಕೊನೆ ಕೊಯ್ಯುವ ಕೆಲಸ. 2016ರ ಎಸ್ಸೆಸ್ಸೆಲ್ಸಿಯಲ್ಲಿ ಅವಳಿಗೆ 625ಕ್ಕೆ 601, ಇವನಿಗೆ 572. ಇವನನ್ನು ಕರಾವಳಿಯ ಒಂದು ವಸತಿ ಕಾಲೇಜಿಗೆ ಸೇರಿಸಿದೆವು. ಅಲ್ಲಿ ಪಿಯುಸಿ ಪಾಠದ ಜೊತೆಗೇ ನೀಟ್ ತರಬೇತಿ, ವಾರಕ್ಕೊಂದು ಮಾದರಿ ಪರೀಕ್ಷೆ. ಅವಳು ತಾಲ್ಲೂಕಿನ ಸರ್ಕಾರಿ ಕಾಲೇಜಿಗೆ ಹೋದಳು. ಅಲ್ಲಿ ಜೀವಶಾಸ್ತ್ರಕ್ಕೆ ಮೊದಲ ಐದು ತಿಂಗಳು ಉಪನ್ಯಾಸಕರೇ ಇರಲಿಲ್ಲ. 2018ರಲ್ಲಿ ಇಬ್ಬರೂ ನೀಟ್ ಬರೆದರು. ಇಬ್ಬರಿಗೂ ಸೀಟು ಸಿಗಲಿಲ್ಲ.

ಕಥೆ ಕವಲೊಡೆದದ್ದು ಇಲ್ಲಿ. ನಾನು ಪಿ.ಎಫ್. ಸಾಲ ತೆಗೆದು ಮಗನನ್ನು ಇನ್ನೊಂದು ವರ್ಷ ತರಬೇತಿಗೆ ಕಳಿಸಿದೆ. ಅವಳ ಅಪ್ಪ ಶಾಲೆಗೆ ಬಂದು, “ಟೀಚರೇ, ಇನ್ನೊಂದು ವರ್ಷ ಕಾಯಾಕೆ ಆಗಾದಿಲ್ಲ, ಇವಳ ಹಿಂದೆ ಇನ್ನೂ ಇಬ್ರು ಅದಾರೆ” ಎಂದರು. ನಾನು ತಲೆಯಾಡಿಸಿದೆ. ಬೇರೇನು ಮಾಡಬಹುದಿತ್ತು ಎಂದು ಆಮೇಲೆ ಎಷ್ಟೋ ರಾತ್ರಿ ಯೋಚಿಸಿದ್ದೇನೆ.

ನೀಟ್‌ನಲ್ಲಿ ಪ್ರಶ್ನೆಪತ್ರಿಕೆ ಎಲ್ಲರಿಗೂ ಒಂದೇ, ಒಟ್ಟು 720 ಅಂಕ. ಪಿಯುಸಿ ಅಂಕ ಅರ್ಹತೆಗೆ ಮಾತ್ರ ಬೇಕು. ಸಾಮಾನ್ಯ ವರ್ಗದವರಿಗೆ ವಿಜ್ಞಾನ ವಿಷಯಗಳಲ್ಲಿ ನೂರಕ್ಕೆ 50 ಬಂದರೆ ಸಾಕು. ಆಮೇಲೆ ರ‍್ಯಾಂಕೇ ಎಲ್ಲ. ಎಷ್ಟು ಸಲ ಬೇಕಾದರೂ ಬರೆಯಬಹುದು. ಇದನ್ನು ಎಲ್ಲರಿಗೂ ಇರುವ ಅವಕಾಶ ಎನ್ನುತ್ತಾರೆ. ಆದರೆ ದುಡಿಯದೆ ಒಂದು ವರ್ಷ ಕೂತು ಓದುವ ಅನುಕೂಲ ಎಲ್ಲರ ಮನೆಯಲ್ಲೂ ಇದೆಯೇ, ನೀವೇ ಹೇಳಿ. ತಮಿಳುನಾಡಿನ ನ್ಯಾಯಮೂರ್ತಿ ಎ.ಕೆ. ರಾಜನ್ ಸಮಿತಿ 2021ರಲ್ಲಿ ಕೊಟ್ಟ ವರದಿಯೂ ಇದನ್ನೇ ಹೇಳಿತು: ನೀಟ್ ಬಂದ ಮೇಲೆ ಸೀಟು ಪಡೆದವರಲ್ಲಿ ಮತ್ತೆ ಮತ್ತೆ ಬರೆದವರ ಪಾಲು ಏರಿತು, ತಮಿಳು ಮಾಧ್ಯಮದವರ ಪಾಲು ಕುಸಿಯಿತು.

2017ರಿಂದ ಕನ್ನಡದಲ್ಲೂ ನೀಟ್ ಬರೆಯಬಹುದು. ಆದರೆ ನಮ್ಮ ಹುಡುಗರಿಗೆ ಪಿಯುಸಿ ವಿಜ್ಞಾನದ ಪಾಠ ನಡೆಯುವುದು ಇಂಗ್ಲಿಷಿನಲ್ಲಿ. ಎರಡು ವರ್ಷ ಕಣ್ಣಿಗೇ ಬೀಳದ ಕನ್ನಡ ಪದಗಳನ್ನು ಪರೀಕ್ಷೆಯ ದಿನ ಮುಂದಿಟ್ಟರೆ ಅದು ಅನ್ಯಭಾಷೆಯೇ ಆಗುತ್ತದೆ. ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ನಮ್ಮ ರಾಜ್ಯದಲ್ಲಿ ನೂರಕ್ಕೆ 5ರ ಮೀಸಲಾತಿಯೂ ಇದೆ. ಒಳ್ಳೆಯದೇ. ಆದರೆ ಹತ್ತರ ನಂತರ ಮಗು ಎಲ್ಲಿ ಓದಿತು, ಎಷ್ಟು ಹಣ ಸುರಿಯಿತು ಎಂದು ಅದು ಕೇಳುವುದಿಲ್ಲ. 2019ರಲ್ಲಿ ಆ ಮೀಸಲಾತಿಯಲ್ಲಿ ಸೀಟು ಪಡೆದವನು ನನ್ನ ಮಗನೇ. ಅರ್ಜಿಗೆ ಹಚ್ಚಿದ ವ್ಯಾಸಂಗ ಪ್ರಮಾಣಪತ್ರವನ್ನು ಬರೆದದ್ದು ನಾನೇ.

ಹಳೆಯ ದಿನಗಳೇ ಚೆನ್ನಾಗಿದ್ದವು ಎನ್ನಲಾರೆ. ಖಾಸಗಿ ಕಾಲೇಜುಗಳ ಡೊನೇಷನ್ ಕಾಲವನ್ನೂ ಕಂಡಿದ್ದೇನೆ. ಪಿಯುಸಿ ಅಂಕದಲ್ಲೂ ಟ್ಯೂಷನ್ನಿನ ಪಾಲಿದೆ. ಆದರೆ ನಮ್ಮಲ್ಲೇ ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ ಎಂಬ ಲೆಕ್ಕವಿದೆ. ತರಗತಿಯಲ್ಲಿ ಕೂತ ದಿನಗಳಿಗೆ ಅಷ್ಟಾದರೂ ಬೆಲೆ. ತಮಿಳುನಾಡು 2020ರಲ್ಲಿ, ಆರರಿಂದ ಹನ್ನೆರಡರವರೆಗೆ ಸರ್ಕಾರಿ ಶಾಲೆಯಲ್ಲಿ ಓದಿದವರಿಗೆ ವೈದ್ಯಕೀಯ ಸೀಟಿನಲ್ಲಿ ನೂರಕ್ಕೆ 7.5 ಮೀಸಲಿಟ್ಟಿತು. ಹನ್ನೆರಡರವರೆಗೆ ಎಂಬುದನ್ನು ಗಮನಿಸಿ. ಅಂಥ ನಿಯಮ ಇಲ್ಲಿದ್ದಿದ್ದರೆ ನನ್ನ ಮಗ ಹೊರಗೆ ನಿಲ್ಲುತ್ತಿದ್ದ, ಆ ಹುಡುಗಿ ಸಾಲಿನಲ್ಲಿ ಇರುತ್ತಿದ್ದಳು.

ಹೋದ ವರ್ಷ ಸಕ್ಕರೆ ಕಾಯಿಲೆಯ ತಪಾಸಣೆಗೆ ಹೋದಾಗ ರಕ್ತ ತೆಗೆಯಲು ಬಂದವಳು ಅವಳೇ. ನೋವಾಗದಂತೆ ಸೂಜಿ ಚುಚ್ಚಿ, “ಟೀಚರ್, ನಿಮ್ಮ ಮಗ ಡಾಕ್ಟರ್ ಆದ್ನಂತೆ, ಖುಷಿಯಾಯ್ತು” ಎಂದಳು. ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ನನಗೆ ತಲೆಯೆತ್ತಲಾಗಲಿಲ್ಲ.

ಬ್ಯಾನರು ಬರೆಸುವವರಲ್ಲಿ ನನ್ನದೊಂದು ಕೋರಿಕೆ. ಪ್ರತಿ ಮುಖದ ಕೆಳಗೆ ರ‍್ಯಾಂಕಿನ ಜೊತೆ ಇನ್ನೆರಡು ಸಂಖ್ಯೆ ಹಾಕಿ: ಎಷ್ಟನೇ ಸಲ ಬರೆದದ್ದು, ಎಷ್ಟು ಖರ್ಚಾದದ್ದು. ಮೊದಲು ನನ್ನ ಮಗನದನ್ನೇ ಹಾಕಿ. ಎರಡನೇ ಸಲ, ನಾಲ್ಕೂವರೆ ಲಕ್ಷ.