ಓದುವ ದನಿ, ಆಡುವ ದನಿ

ಹಾನಗಲ್ ತಾಲ್ಲೂಕಿನ ಆಡೂರಿನ ಕಡೆ ಜನ ರೇಡಿಯೊ ‘ಹಚ್ಚುತ್ತಾರೆ’. ದೀಪ ಹಚ್ಚಿದ ಹಾಗೆ, ಒಲೆ ಹಚ್ಚಿದ ಹಾಗೆ. ಹಚ್ಚಿದರೆ ಸಿಗುವುದು ಆಕಾಶವಾಣಿ ಧಾರವಾಡ, 765 ಕಿಲೋಹರ್ಟ್ಜ್. 1950ರ ಜನವರಿ 8ರಂದು ಆರಂಭವಾದ ಈ ಕೇಂದ್ರಕ್ಕೆ ಸಂಗೀತದಿಂದ ಬಂದ ಹೆಸರು ದೊಡ್ಡದು. ಮಲ್ಲಿಕಾರ್ಜುನ ಮನಸೂರರಂಥವರು ಅಲ್ಲಿ ಸಂಗೀತ ಸಲಹೆಗಾರರಾಗಿದ್ದರು. ಅದರ ಮಾತಿನ ಬಗ್ಗೆ ಯಾರೂ ಅಷ್ಟಾಗಿ ಬರೆಯುವುದಿಲ್ಲ. ಆದರೆ ಬೆಳಗಿನಿಂದ ರಾತ್ರಿಯವರೆಗೆ ಕಿವಿಗೊಟ್ಟು ಕೂತರೆ ತಿಳಿಯುತ್ತದೆ: ಹಳ್ಳಿಯ ಬದುಕಿನೊಳಗೆ ಹೆಚ್ಚು ಬೆರೆತಿರುವುದು ಆ ಮಾತೇ.

ಆಕಾಶವಾಣಿಯ ದಿನಕ್ಕೆ ಹಳೆಯ ಕಾಲದಿಂದ ಬಂದ ಒಂದು ಕ್ರಮವಿದೆ. ಬೆಳಿಗ್ಗೆ 6.55ಕ್ಕೆ ಸಂಸ್ಕೃತ ವಾರ್ತೆ, 7.35ಕ್ಕೆ ಕನ್ನಡ ವಾರ್ತೆ ಎಂದು ಗಡಿಯಾರ ನೋಡದೆ ಹೊತ್ತು ಅಳೆದ ತಲೆಮಾರು ನಮ್ಮಲ್ಲಿ ಇನ್ನೂ ಇದೆ. ಬೆಳಗಿನ ಪುಟ್ಟ ಚಿಂತನ, ಹೆಣ್ಣುಮಕ್ಕಳ ಕಾರ್ಯಕ್ರಮ, ಸಂಜೆಯ ಕೃಷಿ ಮಾತು, ಭಾಷಣ, ಸಂದರ್ಶನ, ನಾಟಕ ಎಲ್ಲವೂ ಬರುವುದು ಒಂದೇ ಪೆಟ್ಟಿಗೆಯಿಂದ. ರೊಟ್ಟಿ ಬಡಿಯುವವಳ ಕಿವಿಗೆ ಮಣ್ಣುಪರೀಕ್ಷೆಯ ವಿಚಾರ ಬೀಳುತ್ತದೆ. ಎತ್ತಿಗೆ ಮೇವು ಹಾಕುವವನು ಬಾಣಂತಿಯ ಆರೈಕೆಯ ಮಾತು ಕೇಳುತ್ತಾನೆ. ಕೈಯಲ್ಲಿರುವ ಮೊಬೈಲು ನಾವು ಕೇಳಿದ್ದನ್ನೇ ಮತ್ತೆ ಮತ್ತೆ ತಂದುಕೊಡುತ್ತದೆ. ರೇಡಿಯೊ ನಾವು ಕೇಳಬೇಕೆಂದು ಅಂದುಕೊಳ್ಳದೇ ಇದ್ದದ್ದನ್ನೂ ಕೇಳಿಸುತ್ತದೆ. ಈ ವೈವಿಧ್ಯವನ್ನೇ ನಾನು ಅದರ ಮೊದಲ ಗುಣವೆಂದು ಎಣಿಸುತ್ತೇನೆ.

ಎರಡನೆಯದು ಸಂಯಮ. ದೆಹಲಿಯಿಂದ ಉಪೇಂದ್ರರಾಯರು, ರಂಗರಾಯರು ಕನ್ನಡ ವಾರ್ತೆ ಓದುತ್ತಿದ್ದ ಕಾಲದಿಂದಲೂ ಆ ಓದಿಗೆ ಒಂದು ಹದವಿದೆ. ಸಾವಿನ ಸುದ್ದಿಗೆ ದನಿ ನಡುಗುವುದಿಲ್ಲ, ಚುನಾವಣೆಯ ಫಲಿತಾಂಶಕ್ಕೆ ಏರುವುದಿಲ್ಲ. ಟಿ.ವಿ.ಯ ಕಿರುಚಾಟದಿಂದ ದಣಿದ ಕಿವಿಗೆ ಈ ಸಮದನಿ ತಂಪು. ವಾರ್ತೆ ಬರೆದು ಓದಬೇಕಾದದ್ದು. ಅಲ್ಲಿ ಓದುವ ದನಿಯೇ ಸರಿಯಾದ ದನಿ.

ಆದರೆ ಅದೇ ದನಿ ಭಾಷಣಕ್ಕೂ ಬಂದು ಕೂತಾಗ ತೊಡಕು ಶುರುವಾಗುತ್ತದೆ. ವಿದ್ವಾಂಸರು ಹಾಳೆ ಹಿಡಿದು ಬರುತ್ತಾರೆ, ಅಳೆದಿಟ್ಟ ನಿಮಿಷಗಳಲ್ಲಿ ಓದಿ ಮುಗಿಸುತ್ತಾರೆ. ಕಣ್ಣಿಗಾಗಿ ಬರೆದ ಉದ್ದುದ್ದ ವಾಕ್ಯದ ಕ್ರಿಯಾಪದ ಬರುವಷ್ಟರಲ್ಲಿ ಕರ್ತೃ ಯಾರೆಂಬುದು ಕೇಳುವವನಿಗೆ ಮರೆತಿರುತ್ತದೆ. ಪುಸ್ತಕವಾದರೆ ಹಿಂದಿನ ಪುಟ ತಿರುವಬಹುದು, ರೇಡಿಯೊದಲ್ಲಿ ಹಿಂದಿನ ಪುಟವಿಲ್ಲ. ಎಷ್ಟೋ ಒಳ್ಳೆಯ ವಿಚಾರಗಳು ಹೀಗೆ ಕಿವಿಯ ಹೊಸ್ತಿಲಲ್ಲೇ ನಿಂತುಹೋಗುತ್ತವೆ. ಇದು ಸಣ್ಣ ದೋಷವಲ್ಲ.

ಸಂಜೆಯ ಕೃಷಿ ಕಾರ್ಯಕ್ರಮದಲ್ಲಿ ಓದುವ ದನಿ, ಆಡುವ ದನಿ ಎರಡೂ ಎದುರುಬದುರು ಕೂರುತ್ತವೆ. 2018ರಲ್ಲಿ ಕರ್ನಾಟಕದಲ್ಲಿ ಮೊದಲು ಕಾಣಿಸಿಕೊಂಡು ದೇಶದ ಉದ್ದಗಲ ಹರಡಿದ ಫಾಲ್ ಸೈನಿಕ ಹುಳುವನ್ನೇ ತೆಗೆದುಕೊಳ್ಳೋಣ. ತಜ್ಞರು ‘ಸಮಗ್ರ ಕೀಟ ನಿರ್ವಹಣಾ ಕ್ರಮಗಳನ್ನು ಅನುಸರಿಸತಕ್ಕದ್ದು’ ಎಂದರೆ ಹಿರೇಕೆರೂರಿನ ಗೋವಿನಜೋಳದ ರೈತನಿಗೆ ದಕ್ಕುವುದು ಕಡಿಮೆ. ‘ಸುಳ್ಯಾಗ ಹುಳ ಕುಂತೈತ್ರಿ, ಔಷಧ ಮ್ಯಾಲೆ ಹೊಡದ್ರ ತಾಗೂದುಲ್ಲ’ ಎಂದು ಇನ್ನೊಬ್ಬ ರೈತ ಹೇಳಿದರೆ ಪೀಡೆಯೂ ಮದ್ದು ಬೀಳಬೇಕಾದ ಜಾಗವೂ ಒಂದೇ ಉಸಿರಿನಲ್ಲಿ ತಿಳಿಯುತ್ತವೆ. ಫೋನಿನಲ್ಲಿ ರೈತರ ಪ್ರಶ್ನೆ ತೆಗೆದುಕೊಳ್ಳುವ ನೇರ ಕಾರ್ಯಕ್ರಮದಲ್ಲಿ ತಜ್ಞರ ಮಾತೂ ಸಡಿಲಾಗುತ್ತದೆ. ಕೂರಿಗೆ ಭತ್ತದ ಬಗ್ಗೆ ಕೇಳಿದವನಿಗೆ ಹಾಳೆ ನೋಡಿ ಉತ್ತರ ಕೊಡಲಾಗದು. ಹೊಲ ನೆನಪಿಸಿಕೊಂಡೇ ಕೊಡಬೇಕು. ಇಡೀ ದಿನದಲ್ಲಿ ನನಗೆ ಅತ್ಯುತ್ತಮವೆನಿಸುವ ಭಾಗ ಇದು.

ಆಡುಮಾತಿನ ಈ ಕಸುವು ಧಾರವಾಡ ಕೇಂದ್ರಕ್ಕೆ ಹೊಸದೇನಲ್ಲ. ಸೊಲ್ಲಾಪುರದ ಕಾಲೇಜಿನಿಂದ ನಿವೃತ್ತರಾದ ಬೇಂದ್ರೆ 1956ರಲ್ಲಿ ಇಲ್ಲಿ ಸಲಹೆಗಾರರಾಗಿ ಬಂದರು. ಊರಮಂದಿಯ ಮಾತನ್ನು ಕಾವ್ಯದ ಎತ್ತರಕ್ಕೆ ಒಯ್ದ ಕವಿ ಅವರು. ಎನ್ಕೆ ಕುಲಕರ್ಣಿಯವರಂಥ ವಿನೋದಪ್ರಿಯ ಬರಹಗಾರರೂ ಈ ಕೇಂದ್ರದಲ್ಲಿ ದುಡಿದರು. ಇಂಥ ಪರಂಪರೆಯ ಮನೆಯಲ್ಲಿ ಕಚೇರಿಯ ಕನ್ನಡ ಯಜಮಾನಿಕೆ ಮಾಡುವುದು ನನಗೆ ನೋವಿನ ಸಂಗತಿ.

ಪರಿಹಾರ ದುಬಾರಿಯದೇನೂ ಅಲ್ಲ. ಭಾಷಣಕಾರರ ಹಾಳೆಯನ್ನು ಸ್ಟುಡಿಯೊದ ಹೊರಗೇ ಇಡಿಸಿ, ನಾಲ್ಕು ಅಂಶಗಳ ಚೀಟಿ ಮಾತ್ರ ಒಳಗೆ ಬಿಡಬೇಕು. ಎದುರಿಗೆ ಕೇಳುವ ಒಬ್ಬರನ್ನು ಕೂರಿಸಬೇಕು. ಎದುರಿನ ಮುಖಕ್ಕೆ ಅರ್ಥವಾಗದಿದ್ದರೆ ಮಾತು ತಾನೇ ತಿದ್ದಿಕೊಳ್ಳುತ್ತದೆ. ಸವಣೂರು, ಶಿಗ್ಗಾಂವಿಯ ಹಳ್ಳಿಗಳಿಗೆ ಧ್ವನಿಮುದ್ರಣ ಯಂತ್ರ ಇನ್ನಷ್ಟು ಸಲ ಹೋಗಬೇಕು. ಆ ಭಾಗದ ಉರ್ದು ಬೆರೆತ ಕನ್ನಡಕ್ಕೂ ಬಾನುಲಿಯಲ್ಲಿ ಜಾಗ ಬೇಕು.

ಊರಿನ ಮಾತಿಗೂ ಜಾಗ ಬೇಕೆಂಬುದು ಆಡೂರಿಗೆ ಅರ್ಥವಾಗದ ಸಂಗತಿಯೇನಲ್ಲ. ಬಾದಾಮಿ ಚಾಲುಕ್ಯರ ಕಾಲದ ಅಲ್ಲಿನ ಶಾಸನದಲ್ಲಿ ಸಂಸ್ಕೃತವೂ ಇದೆ, ಹಳಗನ್ನಡವೂ ಇದೆ. ಜಿನಾಲಯಕ್ಕೆ ಹೊಲ ಬಿಟ್ಟ ಸಂಗತಿ ಇದೆ. ಹೊಲದ ವಿಚಾರ ಊರಿನವರಿಗೆ ತಿಳಿಯಬೇಕಾದರೆ ಊರಿನ ಮಾತು ಬೇಕೆಂಬುದು ಅಂದಿನವರಿಗೆ ಗೊತ್ತಿದ್ದಿರಬೇಕು. ಸಂಸ್ಕೃತ ವಾರ್ತೆ ಮುಗಿದು ಕನ್ನಡ ವಾರ್ತೆ ಬರುವ ಬೆಳಗಿನ ಆ ಅರ್ಧ ಗಂಟೆಯಲ್ಲಿ ನನಗೆ ಆ ಕಲ್ಲು ನೆನಪಾಗುತ್ತದೆ. ಸಂಜೆ ಸುಳಿಯೊಳಗಿನ ಹುಳುವಿನ ಬಗ್ಗೆ ರೈತನೊಬ್ಬ ಬಾಯಿ ತೆರೆದಾಗ ಹೊಲದ ವಿಚಾರವನ್ನು ಊರಿನ ಮಾತಿನಲ್ಲಿ ಹೇಳುವ ಆ ಕೆಲಸ ಮುಂದುವರಿದಿದೆ ಎಂಬ ಭರವಸೆ ಹುಟ್ಟುತ್ತದೆ.