‘ದಿ ಶೈನಿಂಗ್’ ಚಿತ್ರವೂ ನೋಟಕರ ಅಭಿಪ್ರಾಯಭೇದವೂ

ಒಂದು ಕೃತಿಯ ವಿಷಯವಾಗಿ ನೋಟಕರು ಆಡಿದ ಮಾತುಗಳೆಲ್ಲವೂ ವಿಮರ್ಶೆಯಾಗಲಾರವು. ಆದರೆ ಆ ಮಾತುಗಳು ಕಾಲಕ್ರಮದಲ್ಲಿ ತಲೆಕೆಳಗಾದರೆ, ಹಾಗಾದುದೇಕೆ ಎಂಬುದನ್ನು ವಿಚಾರಿಸುವುದು ವಿಮರ್ಶಕನ ಕರ್ತವ್ಯವಾಗುವುದು. ಸ್ಟ್ಯಾನ್ಲಿ ಕ್ಯೂಬ್ರಿಕ್ ಅವರು ನಿರ್ದೇಶಿಸಿ, ೧೯೮೦ನೆಯ ಇಸವಿಯ ಮೇ ತಿಂಗಳಿನಲ್ಲಿ ಅಮೆರಿಕದಲ್ಲಿ ತೆರೆಗೆ ತಂದ ‘ದಿ ಶೈನಿಂಗ್’ ಎಂಬ ಚಲಚ್ಚಿತ್ರವು ಇದಕ್ಕೆ ತಕ್ಕ ನಿದರ್ಶನವಾಗಿದೆ. ಕಳಪೆ ಚಿತ್ರಗಳನ್ನು ಹಾಸ್ಯಮಾಡುವುದಕ್ಕಾಗಿ ೧೯೮೧ರಲ್ಲಿ ಮೊದಲಾದ ರ‍್ಯಾಜಿ ಬಿರುದುಗಳ ಪಟ್ಟಿಯಲ್ಲಿ ನಿರ್ದೇಶಕರ ಹೆಸರೂ, ವೆಂಡಿಯ ಪಾತ್ರವನ್ನು ವಹಿಸಿದ ಷೆಲಿ ಡುವಾಲ್ ಅವರ ಹೆಸರೂ ಸೇರಿದ್ದುವು. ಅದೇ ಚಿತ್ರವು ೨೦೧೮ರಲ್ಲಿ ಅಮೆರಿಕದ ರಾಷ್ಟ್ರೀಯ ಚಲಚ್ಚಿತ್ರ ಸಂಗ್ರಹದ ಪಟ್ಟಿಗೆ ಏರಿತು. ೨೦೨೨ರಲ್ಲಿ ರ‍್ಯಾಜಿಯವರೇ ಡುವಾಲ್ ಅವರ ಹೆಸರನ್ನು ಹಿಂದಕ್ಕೆ ತೆಗೆದುಕೊಂಡರು. ಈ ಮಾರ್ಪಾಡಿಗೆ ಕಾರಣವೇನೆಂಬುದೇ ಪ್ರಕೃತ ಲೇಖನದ ವಿಷಯ.

ಕಥಾವಸ್ತುವು ಸರಳವಾದುದು. ಹಿಂದೆ ಉಪಾಧ್ಯಾಯನಾಗಿದ್ದು ಈಗ ಗ್ರಂಥಕರ್ತನಾಗಬೇಕೆಂದಿರುವ ಜ್ಯಾಕ್ ಟಾರೆನ್ಸ್ ಎಂಬಾತನು, ಕೊಲೊರಾಡೊ ಪರ್ವತಪ್ರಾಂತದ ಓವರ್‌ಲುಕ್ ಹೋಟೆಲನ್ನು ಚಳಿಗಾಲದಲ್ಲಿ ಕಾಯ್ದುಕೊಂಡಿರುವ ಕೆಲಸವನ್ನು ಒಪ್ಪಿ, ಹೆಂಡತಿ ವೆಂಡಿಯನ್ನೂ ಚಿಕ್ಕ ಮಗ ಡ್ಯಾನಿಯನ್ನೂ ಕರೆದುಕೊಂಡು ಅಲ್ಲಿಗೆ ಹೋಗುತ್ತಾನೆ. ಹಿಮದಿಂದ ದಾರಿ ಮುಚ್ಚಿಹೋಗುವುದು. ಮಗನಿಗೆ ಆಗಿಹೋದುದೂ ಆಗಲಿರುವುದೂ ಕಾಣುವ ಅಂತರ್ದೃಷ್ಟಿಯುಂಟು. ತಂದೆಯ ಬುದ್ಧಿ ಕೆಡುತ್ತ ಬಂದು, ಕಡೆಗೆ ಅವನು ಕೊಡಲಿಯನ್ನು ಹಿಡಿದು ಹೆಂಡತಿ ಮಕ್ಕಳ ಮೇಲೆಯೇ ಬೀಳುವನು.

ಮೊದಲು ಪೂರ್ವಪಕ್ಷವನ್ನು ನೋಡೋಣ. ಚಿತ್ರಕ್ಕೆ ಮೂಲವಾದ ಕಾದಂಬರಿಯನ್ನು ೧೯೭೭ರಲ್ಲಿ ಪ್ರಕಟಿಸಿದ ಸ್ಟೀಫನ್ ಕಿಂಗ್ ಅವರೇ ಈ ಪಕ್ಷದ ಮುಂದಾಳು. ಜ್ಯಾಕ್‌ನು ಮೊದಲ ದೃಶ್ಯದಿಂದಲೇ ಹುಚ್ಚನಂತೆ ತೋರುವುದರಿಂದ ಅವನ ಪತನಕ್ಕೆ ಅರ್ಥವಿಲ್ಲವೆಂದೂ, ವೆಂಡಿಯು ಕಿರಿಚುವ ದುರ್ಬಲೆಯಾಗಿ ಮಾತ್ರ ಉಳಿದಳೆಂದೂ ಅವರ ಆಕ್ಷೇಪ. ಕಾದಂಬರಿಯಲ್ಲಿ ಕುಡಿತದೊಡನೆ ಹೋರಾಡುವ ತಂದೆಯೊಬ್ಬನು ಕಡೆಯ ಗಳಿಗೆಯಲ್ಲಿ ತನ್ನತನವನ್ನು ಕ್ಷಣಕಾಲ ಮರಳಿ ಪಡೆದು, ಮಗನನ್ನು ಓಡಿಹೋಗೆಂದು ಕಳುಹಿಸಿ, ಒಡೆದ ಬಾಯ್ಲರಿನ ಉರಿಯಲ್ಲಿ ಹೋಟೆಲಿನೊಡನೆ ನಾಶವಾಗುತ್ತಾನೆ. ಚಿತ್ರದಲ್ಲಿಯಾದರೋ ಆ ಕ್ಷಣವಿಲ್ಲ. ಅವನು ಗಿಡಗಳ ಗೋಡೆಯ ಚಕ್ರವ್ಯೂಹದಲ್ಲಿ ದಾರಿತಪ್ಪಿ ಹಿಮಗಟ್ಟಿ ಸಾಯುವನು. ೧೯೯೭ರಲ್ಲಿ ಕಿಂಗ್ ಅವರು ತಾವೇ ಬರೆದು ದೂರದರ್ಶನಕ್ಕೆ ಈ ಕಥೆಯನ್ನು ಮತ್ತೆ ಅಳವಡಿಸಿದರು.

ಕಾದಂಬರಿಯ ಅಂಗಿರಸವು ಕರುಣವೆಂದೂ ಚಿತ್ರದ ಅಂಗಿರಸವೂ ಅದೇ ಆಗಿರಬೇಕೆಂದೂ ಇಟ್ಟುಕೊಂಡರೆ ಈ ಆಕ್ಷೇಪಕ್ಕೆ ಉತ್ತರವಿಲ್ಲ. ಆದರೆ ಚಿತ್ರದ ಅಂಗಿರಸವು ಭಯಾನಕ. ಭಯಕ್ಕೆ ಆಲಂಬನವೊಂದು, ಆಶ್ರಯವೊಂದು ಬೇಕು. ಇಲ್ಲಿ ಜ್ಯಾಕ್‌ನು ಆಲಂಬನ. ವೆಂಡಿಯೂ ಮಗುವೂ ಆಶ್ರಯ. ಆಲಂಬನವನ್ನೇ ನಾಯಕನೆಂದು ಭಾವಿಸಿದ ನೋಟಕರು ಅವನಲ್ಲಿ ಕ್ರಮವಾದ ಪತನವನ್ನು ಹುಡುಕಿ ನಿರಾಶರಾದರು. ಕಣ್ಣನ್ನು ವೆಂಡಿಯ ಕಡೆಗೆ ತಿರುಗಿಸಿದರೆ, ದೋಷವೆಂದು ತೋರಿದುದೇ ಕಥೆಯ ಮರ್ಮವಾಗುವುದು. ಇದು ಒಳ್ಳೆಯವನೊಬ್ಬನು ಕೆಟ್ಟ ಕಥೆಯಲ್ಲ. ಮೊದಲೇ ಕೆಟ್ಟಿದ್ದವನನ್ನು ಒಳ್ಳೆಯವನೆಂದು ಹೇಳಿಕೊಂಡು ಬಂದ ಸಂಸಾರವೊಂದರ ಕಥೆ.

ಈ ಮಾತಿಗೆ ಆಧಾರವು ಪಾಠಭೇದದ ವಿಚಾರದಿಂದ ದೊರೆಯುತ್ತದೆ. ಓಲೆಗರಿಗಳಲ್ಲಿ ಲಿಪಿಕಾರರಿಂದ ಪಾಠಾಂತರಗಳು ಹುಟ್ಟುವುವು. ಈ ಚಿತ್ರಕ್ಕೆ ಕರ್ತೃವಿನ ಕೈಯಿಂದಲೇ ಪಾಠಾಂತರಗಳು ಹುಟ್ಟಿದುವು. ಮೊದಲ ಪ್ರದರ್ಶನಗಳಲ್ಲಿ ಕೊನೆಗೆ ಆಸ್ಪತ್ರೆಯ ದೃಶ್ಯವೊಂದಿದ್ದಿತು. ಅದನ್ನು ಕ್ಯೂಬ್ರಿಕ್ ಅವರು ಸ್ವಲ್ಪಕಾಲದಲ್ಲಿಯೇ ತೆಗೆಯಿಸಿದರು. ಅಮೆರಿಕದಲ್ಲಿ ನಿಂತ ಪಾಠವು ಸುಮಾರು ೧೪೪ ನಿಮಿಷಗಳದು. ಯೂರೋಪಿಗೆಂದು ಅವರು ಇನ್ನೂ ಕತ್ತರಿಸಿ ಮಾಡಿದುದು ಸುಮಾರು ೧೧೯ ನಿಮಿಷಗಳದು. ಈ ಸಂಕ್ಷಿಪ್ತ ಪಾಠದಲ್ಲಿ ಬಿಟ್ಟುಹೋದ ಭಾಗಗಳಲ್ಲಿ, ಮೂರ್ಛೆಹೋದ ಡ್ಯಾನಿಯನ್ನು ನೋಡಲು ವೈದ್ಯೆಯೊಬ್ಬಳು ಮನೆಗೆ ಬರುವ ದೃಶ್ಯವೂ ಒಂದು.

ಆ ದೃಶ್ಯದಲ್ಲಿ ವೆಂಡಿಯು, ಗಂಡನು ಕುಡಿದು ಬಂದ ಒಂದು ದಿನ ಮಗುವು ಅವನ ಕಾಗದಗಳನ್ನು ಚೆಲ್ಲಾಡಿದ್ದುದನ್ನೂ, ಅವನು ಎಳೆದ ರಭಸಕ್ಕೆ ಮಗುವಿನ ಭುಜದ ಕೀಲು ತಪ್ಪಿದುದನ್ನೂ, ಅದು ಯಾರಿಗಾದರೂ ಆಗಬಹುದಾದ ಆಕಸ್ಮಿಕವೆಂಬಂತೆ ನಗುನಗುತ್ತ ಹೇಳುತ್ತಾಳೆ. ಇನ್ನು ಕುಡಿಯೆನೆಂದು ಗಂಡನು ಮಾತುಕೊಟ್ಟನೆಂದೂ, ಐದು ತಿಂಗಳಿಂದ ಮುಟ್ಟಿಲ್ಲವೆಂದೂ ಸೇರಿಸುತ್ತಾಳೆ. ಮುಂದೆ ಜ್ಯಾಕ್‌ನು ಹೋಟೆಲಿನ ಪಾನಶಾಲೆಯಲ್ಲಿ, ಮಗುವಿಗೆ ನೋವಾದುದು ಮೂರು ವರ್ಷಗಳ ಹಿಂದೆ ಎನ್ನುತ್ತಾನೆ. ಈ ಎರಡು ಲೆಕ್ಕಗಳು ಕೂಡುವುದಿಲ್ಲ. ಮಗುವಿನ ಭುಜ ತಪ್ಪಿದ ಮೇಲೆಯೂ ಎರಡು ವರ್ಷಗಳಿಗೆ ಮಿಕ್ಕು ಕುಡಿತವು ನಡೆದಿದ್ದಿತೆಂದೂ, ಆ ಅವಧಿಯನ್ನು ತಾಯಿಯು ವೈದ್ಯೆಯಿಂದ ಮರೆಮಾಡಿದಳೆಂದೂ ಊಹಿಸಬೇಕಾಗುವುದು. ಸಂಕ್ಷಿಪ್ತ ಪಾಠವನ್ನು ಮಾತ್ರ ಕಂಡವರಿಗೆ ಈ ಲೆಕ್ಕಗಳನ್ನು ಎದುರುಬದುರಾಗಿ ಇಟ್ಟು ನೋಡುವ ಅವಕಾಶವೇ ಇಲ್ಲ. ಆದುದರಿಂದ ಈ ಚಿತ್ರದ ವಿಷಯವಾಗಿ ಯಾರಾದರೂ ಅಭಿಪ್ರಾಯ ಹೇಳಿದರೆ, ಅವರು ನೋಡಿದುದು ಯಾವ ಪಾಠವೆಂದು ಮೊದಲು ಕೇಳಬೇಕು.

ಇನ್ನು ಡುವಾಲ್ ಅವರ ಅಭಿನಯ. ಭರತನು ಭಯವೆಂಬ ಸ್ಥಾಯಿಯನ್ನು ಸ್ತ್ರೀಯರಿಗೂ ನೀಚಪ್ರಕೃತಿಯವರಿಗೂ ಹೇಳಿರುವನು. ಅವನ ಹೆಸರನ್ನೇ ಕೇಳದ ೧೯೮೦ರ ನೋಟಕರೂ ಅದೇ ತಾರತಮ್ಯವನ್ನು ಮಾಡಿದಂತೆ ತೋರುತ್ತದೆ. ನಡುಗುವ ಕೈ, ಒಡೆದ ದನಿ, ಬಿಳಿಚಿದ ಮುಖ ಇವು ಶಾಸ್ತ್ರೋಕ್ತವಾದ ಅನುಭಾವಗಳೇ ಆಗಿದ್ದರೂ ಅವನ್ನು ಅಭಿನಯದ ಕೊರತೆಯೆಂದು ಎಣಿಸಿದರು. ಆದರೆ ಕಥೆಯಲ್ಲಿ ಕಾರ್ಯವನ್ನು ಸಾಧಿಸಿದವರು ಯಾರು? ಮೆಟ್ಟಿಲುಗಳ ಮೇಲೆ ಹಿಂದೆ ಹಿಂದೆ ಸರಿಯುತ್ತಲೇ ಗಂಡನನ್ನು ದೊಣ್ಣೆಯಿಂದ ಹೊಡೆದು ಕೆಡಹಿದವಳು, ಅವನನ್ನು ಎಳೆದೊಯ್ದು ಉಗ್ರಾಣದಲ್ಲಿ ಕೂಡಿದವಳು, ಮಗನನ್ನು ಕಿಟಕಿಯಿಂದ ಹೊರಕ್ಕೆ ಇಳಿಸಿದವಳು ಈ ನಡುಗುವ ಹೆಂಗಸೇ. ಹೆದರದವರು ಧೀರರೆಂಬ ಸುಲಭವಾದ ಮಾತನ್ನು ಚಿತ್ರವು ಒಪ್ಪುವುದಿಲ್ಲ.

೨೦೨೨ರ ತಿದ್ದುಪಡಿಯೂ ವಿಚಾರಾರ್ಹವಾದುದು. ಚಿತ್ರೀಕರಣದಲ್ಲಿ ನಿರ್ದೇಶಕರು ನಟಿಯನ್ನು ನಡೆಸಿಕೊಂಡ ರೀತಿಯು ಅಭಿನಯದ ಮೇಲೆ ಪರಿಣಾಮ ಮಾಡಿತೆಂದು ರ‍್ಯಾಜಿಯವರು ಕಾರಣ ಹೇಳಿದರು. ಕ್ಯೂಬ್ರಿಕ್ ಅವರ ಮಗಳು ವಿವಿಯನ್ ಅವರು ೧೯೮೦ರಲ್ಲಿ ತೆಗೆದ ಸಾಕ್ಷ್ಯಚಿತ್ರದಲ್ಲಿ ಆ ಕಾಠಿಣ್ಯವು ಕಾಣುವುದರಿಂದ ಇದು ನಿರಾಧಾರವಲ್ಲ. ಆ ಕಾಠಿಣ್ಯವನ್ನು ಕಲೆಯ ಹೆಸರಿನಲ್ಲಿ ಕ್ಷಮಿಸಬೇಕಾಗಿಯೂ ಇಲ್ಲ. ಆದರೂ ಈ ಕನಿಕರದಲ್ಲಿ ಒಂದು ಅನ್ಯಾಯವು ಅಡಗಿದೆ. ತೆರೆಯ ಮೇಲೆ ಕಂಡುದು ಲೌಕಿಕವಾದ ಭಯ ಮಾತ್ರವೆಂದರೆ ನಟಿಯು ಮಾಡಿದುದೇನೂ ಉಳಿಯದು. ಮೊದಲು ಹಳಿದವರೂ ಆಮೇಲೆ ಮರುಗಿದವರೂ ಅವರ ಕಲೆಯನ್ನು ಕಾಣದೆಹೋದುದು ಒಂದೇ ರೀತಿ. ವೈದ್ಯೆಯೊಡನೆ ಮಾತನಾಡುವಾಗ, ಬೆರಳುಗಳ ನಡುವಣ ಸಿಗರೇಟಿನ ಬೂದಿಯು ಉದ್ದವಾಗಿ ಬೆಳೆದರೂ ಕೊಡಹದೆ ನಗುವ ಆ ವೆಂಡಿಯನ್ನೂ ಮೆಟ್ಟಿಲ ಮೇಲಿನ ವೆಂಡಿಯನ್ನೂ ಹೋಲಿಸಿದರೆ, ಮುಚ್ಚಿಟ್ಟ ಭಯವು ಬಯಲಾಗುವ ಕ್ರಮವು ಸ್ಪಷ್ಟವಾಗುವುದು. ಪತನದ ಕ್ರಮವನ್ನು ಜ್ಯಾಕ್‌ನಲ್ಲಿ ಹುಡುಕಿದವರು ಇದನ್ನು ಕಾಣಲಿಲ್ಲ. ಡುವಾಲ್ ಅವರು ೨೦೨೪ರ ಜುಲೈ ತಿಂಗಳಿನಲ್ಲಿ ತೀರಿಕೊಂಡರು. ಕನಿಕರಕ್ಕಿಂತ ಮೆಚ್ಚುಗೆಯು ಅವರಿಗೆ ಸಲ್ಲಬೇಕಾದುದು.

ನೋಟಕರಲ್ಲಿ ಮೂರನೆಯ ವರ್ಗವೊಂದುಂಟು. ೨೦೧೨ರ ‘ರೂಮ್ ೨೩೭’ ಎಂಬ ಸಾಕ್ಷ್ಯಚಿತ್ರವು ಅವರ ಮಾತುಗಳನ್ನು ಸಂಗ್ರಹಿಸಿದೆ. ಉಗ್ರಾಣದ ಡಬ್ಬಿಗಳ ಮೇಲಣ ಚಿತ್ರದಲ್ಲಿ ಅಮೆರಿಕದ ಮೂಲನಿವಾಸಿಗಳ ಸಂಹಾರವನ್ನು ಕಂಡವರು, ಮಗುವಿನ ಅಂಗಿಯಲ್ಲಿ ಚಂದ್ರಯಾನದ ರಹಸ್ಯವನ್ನು ಕಂಡವರು ಇವರು. ಇವರ ಶ್ರದ್ಧೆಯು ದೊಡ್ಡದೇ. ಆದರೆ ಮನೆಯೊಳಗಣ ಹೊಡೆತಕ್ಕಿಂತ ಗೋಡೆಯ ಮೇಲಣ ಗುರುತೇ ಮುಖ್ಯವಾದರೆ ವ್ಯಾಖ್ಯಾನವು ಮೂಲವನ್ನೇ ನುಂಗಿದಂತಾಗುವುದು.

ತಪ್ಪೆಲ್ಲವೂ ನೋಟಕರದೇ ಎಂದಲ್ಲ. ಜಾಕ್ ನಿಕಲ್ಸನ್ ಅವರ ಅಭಿನಯದ ಅಬ್ಬರವು ಕಣ್ಣನ್ನು ಬೇರೆಡೆಗೆ ಹೋಗಗೊಡುವುದಿಲ್ಲ. ಮಗುವಿನ ನೆರವಿಗಾಗಿ ದೂರದ ಫ್ಲಾರಿಡಾದಿಂದ ಬರುವ ಅಡಿಗೆಯ ಹಾಲೊರನ್‌ನನ್ನು ಬಂದೊಡನೆ ಕೊಲ್ಲಿಸಿರುವುದು ಔಚಿತ್ಯಭಂಗವೆಂದೇ ತೋರುತ್ತದೆ. ಕಾದಂಬರಿಯಲ್ಲಿ ಅವನು ಬದುಕಿ ಉಳಿಯುವನು. ಈ ಕುಂದುಗಳು ಇದ್ದರೂ, ಮನೆಯ ಯಜಮಾನನಿಗೆ ಹೆದರುವವರ ಕಡೆಯಿಂದ ಮನೆಯನ್ನು ನೋಡುವ ಅಭ್ಯಾಸವು ನಮ್ಮಲ್ಲಿ ಬೆಳೆದಷ್ಟೂ ಈ ಚಿತ್ರದ ಬೆಲೆಯು ಹೆಚ್ಚುತ್ತ ಬಂದಿದೆ. ನಾಲ್ವತ್ತು ವರ್ಷಗಳಲ್ಲಿ ಬದಲಾದುದು ಚಿತ್ರವಲ್ಲ, ಸಹೃದಯರ ದೃಷ್ಟಿ ಎಂದು ಹೇಳಬಹುದಾಗಿದೆ.