ಕೆರೆ ಕಟ್ಟಿಸಿದವನು, ಹಾರವಾದವಳು: ಉದ್ಯಮಿ ಕಥಾನಕದ ಚಲನಚಿತ್ರಗಳು

ಸಂಪತ್ತಿನ ಮೂಲವನ್ನು ಕುರಿತ ಕುತೂಹಲ ಜನಪದ ಕಥನಗಳಷ್ಟೇ ಹಳೆಯದು. ಬಡವನ ಮಗ ಮನೆ ಬಿಟ್ಟು ಹೊರಡುವುದು, ದಾರಿಯಲ್ಲಿ ನೆರವಿನವರನ್ನು ಪಡೆಯುವುದು, ಎದುರಾಳಿಯನ್ನು ಗೆದ್ದು ಸಿರಿಯೊಡನೆ ಮರಳುವುದು ಅನೇಕ ಅಜ್ಜಿಕಥೆಗಳ ಸಾಮಾನ್ಯ ಹಂದರ. ರಷ್ಯದ ವಿದ್ವಾಂಸ ವ್ಲಾದಿಮಿರ್ ಪ್ರಾಪ್ 1928ರಲ್ಲಿ ತಮ್ಮ ನಾಡಿನ ಅದ್ಭುತ ಕಥೆಗಳಲ್ಲಿ ಗುರುತಿಸಿದ 31 ಕ್ರಿಯಾಘಟಕಗಳಲ್ಲಿ ಈ ಹಂತಗಳೂ ಸೇರಿವೆ. ಉದ್ಯಮಿಗಳ ಬದುಕನ್ನು ವಸ್ತುವಾಗಿಸಿಕೊಂಡ ಭಾರತೀಯ ಚಲನಚಿತ್ರಗಳು ಬಹುಮಟ್ಟಿಗೆ ಇದೇ ಹಂದರವನ್ನು ಆಶ್ರಯಿಸಿವೆ. ಆದರೆ ಜನಪದ ಪರಂಪರೆಯಲ್ಲಿ ಇದರ ಪಕ್ಕದಲ್ಲಿಯೇ ಮತ್ತೊಂದು ಕಥನಧಾರೆಯಿದೆ. ದೊಡ್ಡ ಕೆಲಸವೊಂದು ಕೈಗೂಡಿದಾಗ ಅದರ ಬೆಲೆ ತೆತ್ತವರು ಯಾರು ಎಂದು ಕೇಳುವ ಧಾರೆ ಅದು. ಮಣಿರತ್ನಂ ನಿರ್ದೇಶನದ ಹಿಂದಿ ಚಿತ್ರ ‘ಗುರು’ (2007) ಹಾಗೂ ಸುಧಾ ಕೊಂಗರ ನಿರ್ದೇಶನದ ತಮಿಳು ಚಿತ್ರ ‘ಸೂರರೈ ಪೋಟ್ರು’ (2020) ಈ ಪ್ರಶ್ನೆಯನ್ನು ಹೇಗೆ ಎದುರಿಸಿವೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಧಾರೆಗೆ ಕನ್ನಡದಲ್ಲಿ ‘ಕೆರೆಗೆ ಹಾರ’ಕ್ಕಿಂತ ಉತ್ತಮ ನಿದರ್ಶನ ದೊರೆಯುವುದು ಕಷ್ಟ. ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ. ಅದು ಊರಿಗೆ ಉಪಕಾರವಾಗುವ ಕೆಲಸ. ಕಥನಗೀತೆ ಅದನ್ನು ಹಳಿಯುವುದಿಲ್ಲ. ನೀರು ಬೀಳದಿದ್ದಾಗ ಸೊಸೆಯನ್ನು ಬಲಿ ಕೊಡಬೇಕೆಂಬ ಮಾತು ಬರುತ್ತದೆ. ಹಿರಿಯ ಸೊಸೆಯನ್ನು ಬಿಟ್ಟುಕೊಡಲಾಗದೆ ಕಿರಿಯ ಸೊಸೆ ಭಾಗೀರಥಿಯನ್ನು ಆಯ್ದುಕೊಳ್ಳುವ ಮನೆಯ ಲೆಕ್ಕಾಚಾರವನ್ನು ಗೀತೆ ಮರೆಮಾಚುವುದಿಲ್ಲ. ಅಲ್ಲಿಂದ ಮುಂದೆ ಕಥೆ ಗೌಡನನ್ನು ಬಿಟ್ಟು ಭಾಗೀರಥಿಯ ಜೊತೆ ನಡೆಯುತ್ತದೆ. ಆಕೆ ತವರಿಗೆ ಹೋಗಿ ತಂದೆತಾಯಿಗಳ ಮುಂದೆ ನಿಜವನ್ನು ನುಡಿಯಲಾರದೆ ಗೆಳತಿಯೊಬ್ಬಳಲ್ಲಿ ಮಾತ್ರ ಹೇಳಿಕೊಳ್ಳುತ್ತಾಳೆ. ಕೆರೆ ತುಂಬುತ್ತದೆ; ಆದರೆ ಕೇಳುಗರ ನೆನಪಿನಲ್ಲಿ ಉಳಿಯುವವಳು ಕೆರೆಗೆ ಹಾರವಾದವಳು.

‘ಗುರು’ ಚಿತ್ರದ ಗುರುಕಾಂತ್ ದೇಸಾಯಿಯ ಪಾತ್ರಕ್ಕೆ ಧೀರೂಭಾಯಿ ಅಂಬಾನಿಯವರ ಬದುಕು ಪ್ರೇರಣೆಯೆಂದು ವ್ಯಾಪಕವಾಗಿ ಭಾವಿಸಲಾಗಿದೆ. ಗುಜರಾತಿನ ಹಳ್ಳಿಯಿಂದ ಟರ್ಕಿಗೆ ಹೋಗಿ ಮರಳಿದ ನಾಯಕ, ಸುಜಾತಾಳನ್ನು ಮದುವೆಯಾಗುವುದು ವರದಕ್ಷಿಣೆಯ ಹಣಕ್ಕಾಗಿ. ಆ ಹಣವೇ ಮುಂಬಯಿಯ ಬಟ್ಟೆ ವ್ಯಾಪಾರಕ್ಕೆ ಬಂಡವಾಳ. ಇದನ್ನು ತಿಳಿದು ಸುಜಾತಾ ತವರಿಗೆ ಹೋಗುತ್ತಾಳೆ. ಭಾಗೀರಥಿಯ ತವರಿನ ಪಯಣವನ್ನು ನೆನಪಿಸುವ ಈ ಘಟ್ಟದಲ್ಲಿ ಚಿತ್ರ ಆಕೆಯ ಕಡೆ ನಿಂತು ನೋಡಬಹುದಾಗಿತ್ತು. ಆದರೆ ಗಂಡ ಬಂದು ಕರೆದೊಯ್ಯುವುದರೊಂದಿಗೆ ಪ್ರಶ್ನೆ ದಾಂಪತ್ಯದ ಮುನಿಸಾಗಿ ಕರಗುತ್ತದೆ. ಮುಂದೆ ಪತ್ರಿಕೆಯೊಂದು ಅವನ ಅಕ್ರಮಗಳನ್ನು ಬಯಲಿಗೆಳೆದಾಗ ನಾಯಕ ಪಾರ್ಶ್ವವಾಯುವಿಗೆ ತುತ್ತಾಗುತ್ತಾನೆ. ವಿಚಾರಣಾ ಆಯೋಗದ ಮುಂದೆ ಮಾತನಾಡಲು ದೊರೆತ ಐದು ನಿಮಿಷಗಳಲ್ಲಿ ಮೂವತ್ತು ಸೆಕೆಂಡುಗಳನ್ನು ಉಳಿಸಿ, ಅದನ್ನೂ ಲಾಭವೆಂದು ಎಣಿಸುತ್ತಾನೆ. ಪ್ರೇಕ್ಷಕರ ಚಪ್ಪಾಳೆ ಗಿಟ್ಟಿಸುವ ಈ ಮಾತಿನಲ್ಲಿ ನಿಯಮ ಮುರಿದುದರಿಂದ ಯಾರಿಗೆ ಏನು ನಷ್ಟವಾಯಿತೆಂಬ ವಿಚಾರಣೆಯ ತಿರುಳೇ ಮರೆಯಾಗುತ್ತದೆ. ಬೆಲೆ ತೆತ್ತ ದೇಹ ಈಗ ನಾಯಕನದೇ ಆಗಿದೆ. ಬಲಿ ಕೊಟ್ಟವನೇ ಬಲಿಯಾದವನಂತೆ ಕಾಣಿಸಿಕೊಳ್ಳುವುದು ಈ ಬಗೆಯ ಕಥನದ ಮುಖ್ಯ ತಂತ್ರ.

‘ಸೂರರೈ ಪೋಟ್ರು’ ಚಿತ್ರಕ್ಕೆ ಕರ್ನಾಟಕದ ನಂಟಿದೆ. ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಜಿ. ಆರ್. ಗೋಪಿನಾಥ್ ಅವರ ಆತ್ಮಕಥನ ‘ಸಿಂಪ್ಲಿ ಫ್ಲೈ’ ಇದರ ಆಧಾರ. ಚಿತ್ರದಲ್ಲಿ ನಾಯಕ ಮಾರನ ಊರು ತಮಿಳುನಾಡಿನ ಹಳ್ಳಿ. ಜಾತಿಯ ಮತ್ತು ಹಣದ ಅಡ್ಡಗೋಡೆಗಳೆರಡನ್ನೂ ಒಡೆಯುವುದು ಅವನ ಹಂಬಲ. ಸಾಯುತ್ತಿರುವ ತಂದೆಯ ಬಳಿಗೆ ಹೋಗಲು ಟಿಕೆಟ್ಟಿಗೆ ಹಣ ಸಾಲದೆ ವಿಮಾನ ನಿಲ್ದಾಣದಲ್ಲಿ ಕೈಚಾಚುವ ದೃಶ್ಯ ಇಡೀ ಕಥೆಗೆ ನೈತಿಕ ಬಲವನ್ನು ಒದಗಿಸುತ್ತದೆ. ಬೇಕರಿ ನಡೆಸುವ ಹೆಂಡತಿ ಬೊಮ್ಮಿಗೆ ಸ್ವಂತ ಕಸುಬೂ ಸ್ವಂತ ಮಾತೂ ಇವೆ. ಈ ವಿಷಯದಲ್ಲಿ ಚಿತ್ರ ‘ಗುರು’ವಿಗಿಂತ ಮುಂದಿದೆ. ಆದರೂ ಇಲ್ಲಿ ಬೆಲೆಯೆಂದು ಗಾಢವಾಗಿ ಚಿತ್ರಿತವಾಗುವುದು ನಾಯಕನ ನೋವೇ. ಊರಿನವರು ವಿಮಾನದಿಂದ ಇಳಿದು ಬರುವ ಸಂಭ್ರಮದಲ್ಲಿ ಲೆಕ್ಕ ಚುಕ್ತಾ ಆಗುತ್ತದೆ.

ವಾಸ್ತವದ ಕಥೆ ಅಲ್ಲಿಗೆ ಮುಗಿದಿರಲಿಲ್ಲ. 2003ರಲ್ಲಿ ಹಾರಾಟ ಆರಂಭಿಸಿ, ಒಂದು ರೂಪಾಯಿಯ ಟಿಕೆಟ್ಟುಗಳಿಂದ ಹೆಸರಾದ ಏರ್ ಡೆಕ್ಕನ್ ನಷ್ಟದಲ್ಲಿ ಸಿಲುಕಿತು. 2007ರಲ್ಲಿ ಅದರ ಪಾಲು ವಿಜಯ್ ಮಲ್ಯ ಅವರ ಯುಬಿ ಸಮೂಹಕ್ಕೆ ಮಾರಾಟವಾಯಿತು. 2008ರಲ್ಲಿ ಅದು ಕಿಂಗ್‌ಫಿಷರ್ ಸಂಸ್ಥೆಯೊಡನೆ ವಿಲೀನಗೊಂಡಿತು. ಆ ಸಂಸ್ಥೆಯ ಹಾರಾಟ 2012ರಲ್ಲಿ ನಿಂತಾಗ ನೌಕರರಿಗೆ ತಿಂಗಳುಗಟ್ಟಲೆಯ ಸಂಬಳ ಬಾಕಿಯಿತ್ತು. ಇದರ ಹೊಣೆಯನ್ನು ಏರ್ ಡೆಕ್ಕನ್ ಸ್ಥಾಪಕರ ಮೇಲೆ ಹೊರಿಸುವುದು ನ್ಯಾಯವಲ್ಲ. ಸಾಮಾನ್ಯರಿಗೆ ವಿಮಾನಯಾನವನ್ನು ನಿಲುಕಿಸಿದ ಅವರ ಸಾಧನೆಯೂ ಸಣ್ಣದಲ್ಲ. ಆದರೆ ಕಥೆಯನ್ನು ಎಲ್ಲಿ ನಿಲ್ಲಿಸಬೇಕೆಂಬ ಆಯ್ಕೆಯೇ ಯಾರ ನಷ್ಟ ಎಣಿಕೆಗೆ ಬರಬೇಕೆಂಬುದನ್ನು ತೀರ್ಮಾನಿಸುತ್ತದೆ ಎಂಬುದು ಗಮನಾರ್ಹ.

ನಾಯಕಕೇಂದ್ರಿತವಾಗಿರುವುದು ಜೀವನಚರಿತ್ರೆಯ ಚಿತ್ರಗಳಿಗೆ ಅನಿವಾರ್ಯವೆಂಬ ವಾದವಿದೆ. ಇದಕ್ಕೆ ಆರ್ಸನ್ ವೆಲ್ಸ್ ಅವರ ‘ಸಿಟಿಜನ್ ಕೇನ್’ (1941) ಉತ್ತರ ಕೊಡುತ್ತದೆ. ಅಮೆರಿಕದ ಪತ್ರಿಕೋದ್ಯಮಿಯೊಬ್ಬನ ಬದುಕನ್ನು ಅಲ್ಲಿ ಅವನ ಮರಣಾನಂತರ ಇತರರು ಹೇಳುತ್ತಾರೆ. ಗಂಡನ ಹಟಕ್ಕಾಗಿ ರಂಗಮಂದಿರದಲ್ಲಿ ಹಾಡಿ ಅವಮಾನಕ್ಕೀಡಾದ ಎರಡನೆಯ ಹೆಂಡತಿ ಸೂಸನ್, ತನ್ನ ಕಥೆಯನ್ನು ತಾನೇ ಹೇಳುತ್ತಾಳೆ. ಕೇನ್‌ನ ವೈಭವ ಅಲ್ಲಿಯೂ ಇದೆ. ಆದರೆ ಅದನ್ನು ಅಳೆಯುವ ಅಧಿಕಾರ ಅವನೊಬ್ಬನದಲ್ಲ.

ಆದ್ದರಿಂದ ಉದ್ಯಮಿ ಕಥಾನಕದ ಚಿತ್ರಗಳಲ್ಲಿ ಜನಪದ ಆಶಯಗಳನ್ನು ಪಟ್ಟಿ ಮಾಡಿದರೆ ಅಧ್ಯಯನ ಪೂರ್ಣವಾಗದು. ಪರಂಪರೆಯಿಂದ ಯಾವುದನ್ನು ಪಡೆಯಲಾಗಿದೆ, ಯಾವುದನ್ನು ಬಿಡಲಾಗಿದೆ ಎಂಬುದನ್ನೂ ನೋಡಬೇಕಾಗುತ್ತದೆ. ಮನೆ ಬಿಟ್ಟು ಹೊರಟ ಮಗನನ್ನು ಈ ಎರಡು ಚಿತ್ರಗಳು ಜನಪದದಿಂದ ಪಡೆದಿವೆ. ಬೆಲೆ ತೆತ್ತವರ ಜೊತೆ ನಡೆಯುವ ಕಥನಕ್ರಮವನ್ನು ಬಿಟ್ಟಿವೆ. ಕೆರೆಯ ಉಪಯೋಗವನ್ನು ಅಲ್ಲಗಳೆಯದೆಯೂ ಭಾಗೀರಥಿಯನ್ನು ಮರೆಯದಿರುವ ವಿವೇಕ ಜನಪದ ಕವಿಗಳಿಗೆ ಸಾಧ್ಯವಾಗಿತ್ತು. ಸಂಪತ್ತನ್ನು ಕುರಿತು ಕಥೆ ಹೇಳುವ ಯಾವುದೇ ಮಾಧ್ಯಮಕ್ಕೂ ಆ ವಿವೇಕ ಇಂದಿಗೂ ಒರೆಗಲ್ಲಾಗಬಲ್ಲದು.